ಕೊಡಲಿ ಕಟ್ಟಿನೆದುರು ನನ್ನ ಮಡಕೆ

ನನ್ನ ಗಂಡ ರಂಗರಾಜುವಿಗೆ ಅಳತೆ ಅನ್ನುವುದೇ ಗೊತ್ತಿಲ್ಲ. ಸಂತೆಮರಹಳ್ಳಿ ಸಂತೆಯಿಂದ ಒಂದು ಹಿಡಿ ಕರಿಬೇವು ತನ್ನಿ ಅಂದರೆ ಒಂದು ಹೊರೆ ತರುತ್ತಾರೆ. ಬಸ್ಸು ಹೊರಡಲಿ ಎಂದು ಒಂದು ಸಲ ಸೀಟಿ ಊದಿದರೆ ಸಾಲದೇ? ಇವರು ಬೀದಿಯಲ್ಲಿ ಮಲಗಿದ ನಾಯಿಗಳೆಲ್ಲ ಎದ್ದು ಓಡುವ ತನಕ ಊದುತ್ತಾರೆ. ಚಂದಕವಾಡಿಯಿಂದ ಹೊರಟು ಚಾಮರಾಜನಗರದ ಮೇಲೆ ಗುಂಡ್ಲುಪೇಟೆಗೆ ಹೋಗುವ ಖಾಸಗಿ ಬಸ್ಸಿಗೆ ಇವರು ಕಂಡಕ್ಟರು. ಆ ದಾರಿಯಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಕರು ಹಾಕಿತು, ಎಲ್ಲ ಇವರಿಗೆ ಬೇಕು. ಸ್ವಂತ ಮನೆಯಲ್ಲಿ ಒಲೆಗೆ ಸೌದೆ ಇದೆಯೋ ಇಲ್ಲವೋ, ಅದೊಂದು ಬೇಡ.

ಇಂಥ ಮನುಷ್ಯ ಒಂದು ದಿನ ಬಂದು, "ಶಾಂತಿ, ನಮ್ಮೂರ ಸೀಟು ಹೆಂಗಸ್ರಿಗೆ ಬಂದದ. ನೀನು ನಿಂತ್ಕ" ಅಂದರು. ತೊಂಬತ್ತಮೂರನೇ ಇಸವಿಯ ಗ್ರಾಮ ಪಂಚಾಯಿತಿ ಚುನಾವಣೆ ಅದು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಊರಿನ ಬಸ್ ಸ್ಟಾಪಿನ ಪಕ್ಕದ ಮಳಿಗೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಬ್ಲೌಸು, ಲಂಗ ಹೊಲಿಯುತ್ತಿದ್ದೆ. ಅಳತೆ ಕೊಡಲು ಬಂದ ಹೆಂಗಸರು ನಿಂತು ಕಷ್ಟವನ್ನೂ ಹೇಳಿಕೊಳ್ಳುತ್ತಿದ್ದರು. ಬೋರ್‌ವೆಲ್ ಕೆಟ್ಟರೆ ಯಾರನ್ನು ಕೇಳಬೇಕು, ವಿಧವಾ ವೇತನಕ್ಕೆ ಯಾರ ಹಿಂದೆ ಅಲೆಯಬೇಕು, ಇದೇ ಮಾತು. ನಿಲ್ಲಬೇಕೆಂದು ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅರ್ಜಿ ಹಾಕಿದೆ. ನನಗೆ ಮಡಕೆ ಗುರುತು ಬಂತು.

ಮನೆಯಲ್ಲಿ ನಮ್ಮತ್ತೆ ಪುಟ್ಟಮಾದಮ್ಮ ಎದೆ ಬಡಿದುಕೊಂಡರು. "ಹೆಣದ ಮುಂದ ಹಿಡ್ಕೊಂಡೋಗೋ ಮಡಕೆನಾ ಗುರುತು ಅಂತ ತಂದಿದ್ದೀಯಲ್ಲಮ್ಮಿ! ಅಪಶಕುನ ಕಣ, ವಾಪಸ್ ಕೊಟ್ಬುಡು" ಅಂದರು. ಗುರುತೇನು ಅಂಗಡಿಯಲ್ಲಿ ಕೊಂಡ ಸೀರೆಯೇ, ಬಣ್ಣ ಹಿಡಿಸಲಿಲ್ಲ ಎಂದು ವಾಪಸು ಕೊಡಲು? ಓಟಿನ ದಿನ ಸಂಜೆ ಅತ್ತೆ ಕಾಲು ನೀಡಿ ಕುಳಿತು, "ನಾನು ಕೊಡ್ಲಿಗೇ ಒತ್ಬುಟ್ಟು ಬಂದೆ, ತಿಳ್ಕ" ಎಂದು ನನ್ನ ಮುಖಕ್ಕೇ ಹೇಳಿದರು. ಕೊಡಲಿ ನನ್ನ ಎದುರಾಳಿ ಗುರುಮಲ್ಲಮ್ಮನ ಗುರುತು. ಸೊಸೆ ನಿಂತಿರುವಾಗ ಎದುರಾಳಿಗೆ ಓಟು ಹಾಕಿ, ಬಂದು ಅದನ್ನು ಹೇಳಿಕೊಳ್ಳುವ ಅತ್ತೆಯನ್ನು ಯಾರಾದರೂ ಕಂಡಿದ್ದೀರಾ?

ಇನ್ನು ನನ್ನ ಗಂಡನ ಪ್ರಚಾರದ ವಿಷಯ. ಚಾಮರಾಜನಗರದ ಒಂದು ಪ್ರೆಸ್ಸಿನಲ್ಲಿ ಜೇಬಿಗೆ ಹಾಕಿಕೊಳ್ಳುವ ಪುಟ್ಟ ಕ್ಯಾಲೆಂಡರು ಅಚ್ಚು ಹಾಕಿಸಿದರು. ಒಂದು ಮಗ್ಗುಲಿಗೆ ತೊಂಬತ್ತನಾಲ್ಕರ ಕ್ಯಾಲೆಂಡರು, ಇನ್ನೊಂದು ಮಗ್ಗುಲಿಗೆ ಮಡಕೆಯ ಚಿತ್ರ, ಅದರ ಕೆಳಗೆ "ಶಾಂತಿ ರಂಗರಾಜು" ಎಂದು ನನ್ನ ಹೆಸರು. ಸುತ್ತಲಿನ ಊರುಗಳಲ್ಲಿ ನಿಂತವರೆಲ್ಲ ಅದೇ ಪ್ರೆಸ್ಸಿಗೆ ಹೋಗಿದ್ದರಿಂದ ಎಲ್ಲರ ಕಾರ್ಡೂ ಒಂದೇ ಅಳತೆ, ಬೆನ್ನಿಗೆ ಒಂದೇ ಕ್ಯಾಲೆಂಡರು; ಗುರುತು, ಹೆಸರು ಮಾತ್ರ ಬೇರೆ. ಇವರು ಹಾಕಿಸಿದ ಕಾರ್ಡಿನ ರಾಶಿ ನೋಡಿ ನನಗೆ ತಲೆ ತಿರುಗಿತು. ನಮ್ಮೂರಿನ ಓಟಿಗಿಂತ ಕಾರ್ಡೇ ಹೆಚ್ಚು! ಅದನ್ನಾದರೂ ಊರಲ್ಲಿ ಹಂಚಿದರೇ? ಬಸ್ಸಿನಲ್ಲಿ ಟಿಕೆಟ್ಟಿನ ಜೊತೆ ಹಂಚಿದರು. ತೆರಕಣಾಂಬಿಯಲ್ಲಿ ಹತ್ತಿದವರಿಗೆ, ಗುಂಡ್ಲುಪೇಟೆಯಲ್ಲಿ ಇಳಿಯುವವರಿಗೆ, ಕೇರಳಕ್ಕೆ ಬಾಳೆಕಾಯಿ ಸಾಗಿಸುವ ಲಾರಿಯವರಿಗೆ.

"ಗುಂಡ್ಲುಪೇಟೆಯೋರು ಬಂದು ನಂಗ ಓಟು ಹಾಕ್ತಾರೇನ್ರೀ?" ಎಂದು ಕೇಳಿದೆ.

"ಹೆಸರು ಹರಡ್ಲಿ ಬುಡು ಶಾಂತಿ" ಅಂದರು.

ಹೆಸರು ಹರಡಿತು. ಓಟು ಬರಲಿಲ್ಲ. ಗುರುಮಲ್ಲಮ್ಮ ಗೆದ್ದಳು. ಗೆದ್ದಳು ಅಂತ ಹೇಳುವುದಷ್ಟೇ. ಹಾರ ಹಾಕಿಸಿಕೊಂಡವನು ಅವಳ ಗಂಡ ಮರಿಮಲ್ಲಪ್ಪ, ಪಂಚಾಯಿತಿಯ ಕುರ್ಚಿಯಲ್ಲಿ ಕೂತವನೂ ಅವನೇ. ನನ್ನ ಮಳಿಗೆಯ ನೇರ ಎದುರಿಗೆ, ರಸ್ತೆಯ ಆಚೆ ಅವನ ಟೀ ಅಂಗಡಿ. ಗುರುಮಲ್ಲಮ್ಮ ಗೆದ್ದ ಮೇಲೂ ಅಲ್ಲೇ ಒಳಗೆ ಬೋಂಡಾ ಕರಿಯುತ್ತಿದ್ದಳು.

ಸರಿ, ಸೋತೆ, ಮುಗಿಯಿತು ಅಂದುಕೊಂಡೆ. ಮುಗಿಯಲು ನನ್ನ ಗಂಡ ಬಿಡಬೇಕಲ್ಲ! ತೊಂಬತ್ತನಾಲ್ಕು ಮುಗಿದ ಮೇಲೆ ಆ ಕ್ಯಾಲೆಂಡರುಗಳು ಯಾರಿಗೂ ಬೇಡವಾದವು. ಮಿಕ್ಕ ಕಾರ್ಡುಗಳ ಕಂತೆ ನಿಂತವರೆಲ್ಲರ ಮನೆಯ ಗೂಡಿನಲ್ಲೂ ಬಿದ್ದಿತ್ತು. ಇವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅವುಗಳಿಂದ ಒಂದು ಆಟ ಕಟ್ಟಿದರು. ಯಾವುದಾದರೂ ಹನ್ನೆರಡು ಕಾರ್ಡು ಆರಿಸಿ ಕಟ್ಟು ಮಾಡಿಕೊಳ್ಳಬೇಕು. ಇಬ್ಬರೂ ಒಂದೊಂದು ಕಾರ್ಡನ್ನು ಕ್ಯಾಲೆಂಡರು ಮೇಲೆ ಮಾಡಿ ಇಳಿಸಿ, ಒಟ್ಟಿಗೆ ತಿರುಗಿಸಬೇಕು. ದೊಡ್ಡ ಗುರುತು ಗೆದ್ದು ಕೈಗೆ ವಾಪಸು ಬರುತ್ತದೆ, ಸಣ್ಣದು ಸಾಯುತ್ತದೆ. ಯಾರ ಕೈ ಮೊದಲು ಖಾಲಿಯಾಯಿತೋ ಅವರು ಸೋತರು. ಗೆದ್ದವರು ಸೋತವರ ಕಟ್ಟಿನಿಂದ ಇಷ್ಟಬಂದ ಒಂದು ಕಾರ್ಡು ಇಟ್ಟುಕೊಳ್ಳಬಹುದು.

ಯಾವುದು ದೊಡ್ಡ ಗುರುತು? ಕಂಡಕ್ಟರು ಹೇಳಿದ್ದೇ ಶಾಸನ. "ಅನ್ನ ಬೇಯ್ಸೋದು ಮಡಕೆ, ನೀರು ತುಂಬೋದು ಮಡಕೆ. ಅದ್ಕಿಂತ ದೊಡ್ಡದು ಏನದ?" ಎಂದು ನನ್ನ ಮಡಕೆಯನ್ನೇ ಎಲ್ಲಕ್ಕಿಂತ ಮೇಲೆ ಇಟ್ಟರು. ದೀಪ, ಛತ್ರಿ, ಏಣಿ, ಬಾವಿ ಎಲ್ಲ ಅದರ ಕೆಳಗೆ. ಓಟಿನಲ್ಲಿ ಸೋತ ಹೆಂಡತಿಯನ್ನು ಆಟದಲ್ಲಿ ಗೆಲ್ಲಿಸಲು ಹೊರಟಿದ್ದರು, ಪಾಪ. ಅದು ತಿಳಿದಾಗ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಆಟ ಊರೂರಿಗೆ ಹಬ್ಬಿತು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದೇ ಗುರುತಿನ ಕಂತೆ ಇದ್ದದ್ದರಿಂದ ಬದಲಾಯಿಸಿಕೊಳ್ಳದೆ ವಿಧಿಯಿರಲಿಲ್ಲ. ನಮ್ಮ ಜಗುಲಿಯ ಮೇಲೂ ಆಟ ಶುರುವಾಯಿತು. ಅತ್ತೆ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದವರು ಒಂದು ದಿನ ರೇಗಿದರು. "ಏನ್ರಲಾ ನೀವು, ಮಾದಪ್ಪಂಗ ಒಂದು ಮುಡಿಪು ಎತ್ತಿ ಮಡಗ್ದೆ ಕೈ ಹಾಕ್ತೀರಲ್ಲ!" ಮಲೆ ಮಾದಪ್ಪನ ಹೆಸರಿನಲ್ಲಿ ಮುಡಿಪು ಎತ್ತಿಡದೆ ನಮ್ಮ ಕಡೆ ಯಾರು ಯಾವ ಕೆಲಸ ಶುರುಮಾಡುತ್ತಾರೆ? ಅವತ್ತಿನಿಂದ ಅದೂ ಆಟದ ಕಾನೂನಾಯಿತು. ಕಟ್ಟಿನಿಂದ ಒಂದು ಕಾರ್ಡನ್ನು ಮುಡಿಪೆಂದು ಮಗುಚಿ ಪಕ್ಕಕ್ಕಿಡಬೇಕು. ಅದನ್ನು ಯಾರೂ ಮುಟ್ಟುವಂತಿಲ್ಲ. ಕೈ ಖಾಲಿಯಾದವನು ಬೇಕಿದ್ದರೆ "ಉಘೇ ಮಾದಪ್ಪ" ಎಂದು ಕೂಗಬಹುದು. ಆಗ ಇಬ್ಬರ ಮುಡಿಪನ್ನೂ ತೆರೆಯಬೇಕು, ಮುಡಿಪಿನಲ್ಲಿ ಗೆದ್ದವನಿಗೇ ಆಟ. ಆದರೆ ಮಾದಪ್ಪನನ್ನು ಕರೆದೂ ಸೋತರೆ ಮುಂದಿನ ಶಿವರಾತ್ರಿಯ ತನಕ ಕಾರ್ಡು ಮುಟ್ಟುವಂತಿಲ್ಲ. ಅದಕ್ಕೇ ಯಾರೂ ಕೂಗುತ್ತಿರಲಿಲ್ಲ. ಕೈಲಾಗದ ಕಾರ್ಡೊಂದನ್ನು ಮುಡಿಪಿಗೆ ತಳ್ಳಿ ಆಟ ಶುರುಮಾಡುತ್ತಿದ್ದರು. ದೇವರಿಗೆ ಕೊಡುವಾಗಲೂ ನಮ್ಮ ಜನರ ಬುದ್ಧಿ ನೋಡಿ!

ಒಂದಷ್ಟು ತಿಂಗಳು ಎಲ್ಲ ನೆಟ್ಟಗಿತ್ತು. ಆಮೇಲೆ ಮರಿಮಲ್ಲಪ್ಪ ಕಟ್ಟು ಹಿಡಿದು ಕೂತ.

"ಕೊಡ್ಲಿ ಎತ್ತಿ ಒಂದು ಕೊಟ್ರೆ ಮಡಕೆ ಉಳ್ದದಾ? ನೀವೇ ಹೇಳಿ" ಎಂದು ಟೀ ಕುಡಿಯುವವರನ್ನು ಕೇಳಿದ. ಅವನ ಟೀ ಕುಡಿದು ಅವನಿಗೆ ಇಲ್ಲ ಎನ್ನುವವರು ಯಾರು? ಕೊಡಲಿ ಮಡಕೆಯನ್ನು ಒಡೆಯುತ್ತದೆ, ಏಣಿ ಕಡಿಯುತ್ತದೆ, ಛತ್ರಿ ಸೀಳುತ್ತದೆ, ದೀಪ ಉರುಳಿಸುತ್ತದೆ ಎಂದು ತೀರ್ಮಾನವಾಯಿತು. ಬಾವಿ ಒಂದು ಮಾತ್ರ ಕೊಡಲಿಯನ್ನು ನುಂಗುತ್ತದೆ. ಇವರು ಸುಮ್ಮನೆ ಒಪ್ಪಿಕೊಂಡು ಬಂದರು! "ನ್ಯಾಯವಾದ ಮಾತು ಕಣ ಶಾಂತಿ, ಕೊಡ್ಲಿ ಬಿದ್ರೆ ಮಡಕೆ ಒಡೀತದಲ್ಲ" ಅಂದರು. ನ್ಯಾಯವಂತೆ ನ್ಯಾಯ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಲ್ಲಿಂದ ಎಲ್ಲಿ ನೋಡಿದರೂ ಕೊಡಲಿ ಕಟ್ಟು. ಮರಿಮಲ್ಲಪ್ಪ ನಮಗಿಂತ ಹೆಚ್ಚು ಕಾರ್ಡು ಹಾಕಿಸಿದ್ದ, ಬೇರೆ ಊರುಗಳಲ್ಲೂ ಕೊಡಲಿ ಗುರುತಿನವರು ನಿಂತಿದ್ದರು. ಕಟ್ಟಿನ ತುಂಬ ಕೊಡಲಿ ತುಂಬಿಕೊಂಡು ಒಂದರ ಹಿಂದೆ ಒಂದು ಬಡಿಯುವುದು. ಯೋಚನೆ ಬೇಡ, ತಾಳ್ಮೆ ಬೇಡ. ಮುಂದೆ ಇಟ್ಟ ಟೀ ಆರುವ ಮೊದಲು ಆಟ ಮುಗಿದಿರುತ್ತಿತ್ತು. ಚಾಮರಾಜನಗರದ ಕಾಲೇಜು ಹುಡುಗರ ಜೇಬಿನಲ್ಲೂ ಅದೇ, ಗುಂಡ್ಲುಪೇಟೆಯ ಹಮಾಲಿಗಳ ಜೇಬಿನಲ್ಲೂ ಅದೇ.

ಇದರಲ್ಲಿ ನನಗೆ ಉರಿದದ್ದು ಬೇರೆ. ಕಾರ್ಡಿನ ಮೇಲೆ ನನ್ನ ಹೆಸರಿತ್ತಲ್ಲ, ಜನ ಮಡಕೆ ಅನ್ನುವುದನ್ನೇ ಬಿಟ್ಟು ಶಾಂತಿ ಎನ್ನತೊಡಗಿದರು. ಲೈನಿಂಗ್ ಬಟ್ಟೆ ತರಲು ಒಮ್ಮೆ ಗುಂಡ್ಲುಪೇಟೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮಲಯಾಳಿ ಲಾರಿ ಡ್ರೈವರು ಇನ್ನೊಬ್ಬನಿಗೆ, "ರಂಡು ಶಾಂತಿ ತರಾಂ, ಒಂದು ಛತ್ರಿ ಕೊಡಪ್ಪ" ಎನ್ನುತ್ತಿದ್ದ. ಎರಡು ಶಾಂತಿಗೆ ಒಂದು ಛತ್ರಿ! ನಾನು ಅಲ್ಲೇ ನಿಂತಿದ್ದೇನೆ, ಕೈಯಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು. ಆ ಗಂಟನ್ನು ಅವನ ತಲೆಯ ಮೇಲೆ ಹಾಕೋಣ ಅನ್ನಿಸಿತು.

ಊರಲ್ಲಿ ಇನ್ನೂ ಅನ್ಯಾಯ. ಮರಿಮಲ್ಲಪ್ಪನ ಕೊಡಲಿ ಮಡಕೆಗೆ ಬಿದ್ದಾಗಲೆಲ್ಲ ಟೀ ಅಂಗಡಿಯಿಂದ "ಶಾಂತಿ ಒಡ್ದೋದ್ಲು!" ಎಂದು ಕೂಗು ಏಳುತ್ತಿತ್ತು. ಗೆದ್ದ ಪ್ರತಿ ಸಲವೂ ಅವನು ನನ್ನ ಗಂಡನ ಕಟ್ಟಿನಿಂದ ಒಂದು ಮಡಕೆಯನ್ನೇ ಎತ್ತಿಕೊಳ್ಳುತ್ತಿದ್ದ. ಅವುಗಳನ್ನು ಮಡಕೆಯ ಹೊಟ್ಟೆಯ ಹತ್ತಿರ ತೂತು ಮಾಡಿ, ದಾರಕ್ಕೆ ಪೋಣಿಸಿ, ಅಂಗಡಿಯ ಮುಂದಿನ ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದ. ಗಾಳಿ ಬಂದರೆ ನನ್ನ ಹೆಸರು ತಿರುಗುತ್ತಿತ್ತು. ತಲೆ ಎತ್ತಿದರೆ ಅದು, ಸೂಜಿಗೆ ದಾರ ಪೋಣಿಸಲು ಬೆಳಕಿಗೆ ತಿರುಗಿದರೆ ಅದು. ಬ್ಲೌಸು ಹೊಲಿಸಲು ಬಂದ ಹೆಂಗಸರು ಅತ್ತ ಒಂದು ಸಲ, ಇತ್ತ ಒಂದು ಸಲ ನೋಡಿ ಮೆತ್ತಗಾಗುತ್ತಿದ್ದರು. ಮುಂಚಿನ ಹಾಗೆ ಯಾರೂ ನನ್ನ ಹತ್ತಿರ ಬೋರ್‌ವೆಲ್ಲಿನ ಮಾತು ಆಡಲಿಲ್ಲ. ಕಡೆಗೆ ನಾನು ಮಷೀನನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟುಕೊಂಡೆ. ಕತ್ತಲಲ್ಲಿ ಹೊಲಿದು ಹೊಲಿದು ಕಣ್ಣು ನೋಯುತ್ತಿತ್ತು.

ಗುರುಮಲ್ಲಮ್ಮ ಮಾತ್ರ ಬರುವುದು ಬಿಡಲಿಲ್ಲ. ಬ್ಲೌಸ್ ಪೀಸ್ ಇಟ್ಟು, ಗೋಡೆಯ ಕಡೆ ತಿರುಗಿದ್ದ ಮಷೀನು ನೋಡಿ, ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿ ಹೋಗುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಬರಲಿಲ್ಲ.

ಸಿಟ್ಟೆಲ್ಲ ನನ್ನ ಗಂಡನ ಮೇಲೆ. "ಆಡೋದು ಬುಟ್ಬುಡಿ. ನೀವು ಆಡ್ದೆ ಇದ್ರೆ ಅವ್ನು ಏನ ನೇತಾಕ್ತಾನೆ?" ಎಂದು ಬೇಡಿಕೊಂಡೆ.

"ಬುಟ್ರೆ ಸೋತಂಗ ಆಯ್ತದ" ಅಂದರು.

"ಈಗ ಇನ್ನೇನು ಗೆಲ್ತಾ ಇದ್ದೀರಾ?"

"ಉಪಾಯ ಮಾಡ್ತಾ ಇವ್ನಿ, ಇರು."

ಇವರ ಮೊದಲನೇ ಉಪಾಯ ಬಾವಿ. ಬಾವಿ ಗುರುತಿನವನು ಗುಂಡ್ಲುಪೇಟೆ ಆಚೆ ಮದ್ದೂರು ಕಡೆಯ ಕಾಡಂಚಿನ ಊರಿನವನು, ಬಡವ, ಸ್ವಲ್ಪವೇ ಕಾರ್ಡು ಹಾಕಿಸಿದ್ದನಂತೆ. ರಜೆಯ ದಿನವೆಲ್ಲ ಅಲ್ಲಿಗೆ ಅಲೆದು, ಒಂದೊಂದು ಬಾವಿಗೆ ಮೂರು ಮೂರು ಮಡಕೆ ಕೊಟ್ಟು ತಂದರು. ಮೊದಲ ದಿನ ಕೊಡಲಿಗಳು ಬಾವಿಗೆ ಬಿದ್ದವು. ಇವರು ಬಸ್ಸಿನ ಸೀಟಿಯನ್ನು ಮನೆಯಲ್ಲೂ ಊದಿದರು. ಮಾರನೇ ವಾರ ಮರಿಮಲ್ಲಪ್ಪ ಕೊಡಲಿಗಳ ನಡುವೆ ನಾಲ್ಕು ಏಣಿ ಸೇರಿಸಿಕೊಂಡು ಬಂದ. ಬಾವಿಗೆ ಏಣಿ ಇಳಿಸಿದರೆ ಬಾವಿ ಸೋತಿತು ಅನ್ನುವುದೂ ಇವರೇ ಮಾಡಿದ ಕಾನೂನು! ಬಾವಿಗಳೆಲ್ಲ ಹೋದವು. ಕಂಬದ ಮೇಲೆ ಇನ್ನಷ್ಟು ಮಡಕೆ ಏರಿದವು.

ಎರಡನೇ ಉಪಾಯ ಕೇಳಿದರೆ ನಿಮಗೂ ಸಿಟ್ಟು ಬಂದೀತು. ಒಂದು ಸಂಜೆ ಅಂಗಿ ಒಗೆಯಲು ಜೇಬು ತಡಕಿದೆ. ಜೇಬಿನ ತುಂಬ ಕೊಡಲಿ. "ಅವ್ರ ಕೊಡ್ಲಿಗೆ ನಾವೂ ಕೊಡ್ಲಿ ಹಾಕಿದ್ರೆ ಎರಡೂ ಸಾಯ್ತವ ಶಾಂತಿ. ಲೆಕ್ಕಾಚಾರ ಸರಿಯಾಗೇ ಅದ" ಎಂದು ಹಲ್ಲು ಕಿರಿದರು. ನನ್ನನ್ನು ಸೋಲಿಸಿದ ಗುರುತನ್ನು ನನ್ನ ಮನೆಯೊಳಗೇ ತಂದು, ನನ್ನ ಕೈಯಿಂದಲೇ ಒಗೆಸುವ ಅಂಗಿಯಲ್ಲಿ ಇಟ್ಟಿದ್ದಾರೆ! ನೀರೊಲೆ ಉರಿಯುತ್ತಿತ್ತು, ಅಷ್ಟನ್ನೂ ಅದಕ್ಕೆ ಹಾಕಿದೆ. ಅವತ್ತು ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಇಷ್ಟರಲ್ಲಿ ಮರಿಮಲ್ಲಪ್ಪ ಊರಿಗೆಲ್ಲ ಕೇಳುವ ಹಾಗೆ ಸವಾಲು ಹಾಕಿದ. "ಬರೋ ಸೋಮವಾರ ಕಡೇ ಆಟ ಆಡ್ಬುಡನ ಕಂಡಕ್ಟ್ರೇ. ನೀನು ಗೆದ್ರೆ ಈ ಸರ ಇಳಿಸ್ತೀನಿ, ಮತ್ತೆ ಕಟ್ಟಲ್ಲ. ನಾನು ಗೆದ್ರೆ ನಿನ್ನ ಮನೇಲಿರೋ ಮಡಕೆ ಅಷ್ಟೂ ನಂದು. ಬಸ್ ಸ್ಟಾಪ್ಗೆ ಅಡ್ಡಲಾಗಿ ತೋರಣ ಕಟ್ತೀನಿ." ಇವರು ನನ್ನನ್ನು ಒಂದು ಮಾತೂ ಕೇಳದೆ "ಆಗ್ಲಿ" ಎಂದು ಬಂದಿದ್ದರು.

ನಾನು ಅವತ್ತು ಅತ್ತೇಬಿಟ್ಟೆ. ಒಂದು ಕಂಬದಲ್ಲಿ ಇದ್ದದ್ದಕ್ಕೇ ಗೋಡೆ ನೋಡಿಕೊಂಡು ಹೊಲಿಯುತ್ತಿದ್ದೇನೆ. ರಸ್ತೆಗೆ ಅಡ್ಡವಾಗಿ ತೋರಣ ಕಟ್ಟಿದರೆ ಅದರ ಕೆಳಗೇ ಅಂಗಡಿಗೆ ಹೋಗಬೇಕು, ಅದರ ಕೆಳಗೇ ಬರಬೇಕು. ಮಷೀನು ಮಾರಿ ತೌರಿಗೆ ಹೋಗುತ್ತೇನೆ ಅಂದೆ. ನಿಜವಾಗಿಯೂ ಹೋಗುವವಳೇ ಇದ್ದೆ. ಈ ಮನುಷ್ಯ ತಲೆ ತಗ್ಗಿಸಿ, "ಒಂದ್ಸಲ ನೀನೇ ಮರಿಮಲ್ಲಪ್ಪ ಆಗಿ ಕೂತ್ಕ ಶಾಂತಿ, ಆಡಿ ನೋಡ್ತೀನಿ" ಅಂದರು. ಅಷ್ಟು ಹೊತ್ತು ಬೈಸಿಕೊಂಡ ಮೇಲೂ ಹಾಗೆ ಕೇಳುವ ಗಂಡನಿಗೆ ಏನು ಮಾಡೋಣ! ಕಣ್ಣೊರೆಸಿಕೊಂಡು ಕೂತೆ.

ಒಲೆಗೆ ಸಿಗದಂತೆ ಇವರು ಬಚ್ಚಿಟ್ಟುಕೊಂಡಿದ್ದ ಕೆಲವು ಕೊಡಲಿಗಳನ್ನು ಹಿಡಿದುಕೊಂಡೆ. ಮುಡಿಪಿಗೆ ಒಂದು ಇಡಬೇಕಲ್ಲ, ಯಾವುದಾದರೇನು ಎಂದು ಒಂದು ಕೊಡಲಿಯನ್ನೇ ಎತ್ತಿ ಪಕ್ಕಕ್ಕಿಟ್ಟೆ. ಮೂಲೆಯಲ್ಲಿ ಹುರುಳಿ ಹಸನು ಮಾಡುತ್ತಿದ್ದ ಅತ್ತೆ ಮೊರ ಬಿಟ್ಟು ಎದ್ದು ಬಂದರು.

"ಅಯ್ಯೋ ನಿನ್ನ ಕೈಯಿ! ಕಡಿಯೋ ಕಬ್ಬುಣನ ಮಾದಪ್ಪನ ಮುಂದಕ್ಕ ಮಡಗ್ತಿಯಲ್ಲಮ್ಮಿ! ತಗಿ, ತಗ್ದುಬುಡು ಮೊದ್ಲು!"

"ಕಾರ್ಡು ಕಣತ್ತೆ, ಕಬ್ಬುಣ ಎಲ್ಲದ?"

"ಕಾರ್ಡಾದ್ರೇನು, ಕೊಡ್ಲಿ ಕೊಡ್ಲಿಯೇ. ಊರಲ್ಲಿ ಯಾರಾರ ಮಡಗ್ತಾರಾ ಅದ? ಆ ಮರಿಮಲ್ಲಪ್ಪ ಎಂಥೋನೇ ಆಗ್ಲಿ, ಅವ್ನೂ ಮಡಗಲ್ಲ."

ನಾನು ಆ ಕಾರ್ಡನ್ನು ಕೈಯಲ್ಲಿ ಹಿಡಿದೇ ಕೂತೆ. ಅವನೂ ಇಡುವುದಿಲ್ಲ. ಯಾರೂ ಇಡುವುದಿಲ್ಲ. ಹಾಗಾದರೆ ಮುಡಿಪಿನ ಜಾಗಕ್ಕೆ ಕೊಡಲಿಯೇ ಬರುವುದಿಲ್ಲ. ಕೊಡಲಿ ಇಲ್ಲದ ಕಡೆ ನನ್ನ ಮಡಕೆಯನ್ನು ಒಡೆಯುವವರು ಯಾರು? ಛತ್ರಿ ಬರಲಿ, ದೀಪ ಬರಲಿ, ಏಣಿ ಬರಲಿ, ಬಾವಿಯೇ ಬರಲಿ, ಎಲ್ಲಕ್ಕಿಂತ ಮಡಕೆ ದೊಡ್ಡದು.

"ರೀ, ನೀವು ಮುಡಿಪಿಗೆ ಏನ ಇಡ್ತಿದ್ರಿ?" ಎಂದು ಕೇಳಿದೆ.

"ದೀಪ ಗೀಪ ಏನೋ. ಮಡಕೆ ಎಲ್ಲ ಕೈಲಿ ಇರ್ಬೇಕಲ್ಲ, ಕಾದಾಡಕ್ಕ."

"ನಿಮ್ಮ ಕಾದಾಟಕ್ಕಿಷ್ಟು ಬೆಂಕಿ ಹಾಕ! ಒಂದು ವರ್ಷದಿಂದ ಹೋಗಿ ಹೋಗಿ ಕೊಡ್ಲಿ ಕೆಳಗೇ ಮಡಕೆ ಒಡ್ಡಿದ್ದೀರಲ್ಲ! ಅದ್ನ ಮುಡಿಪಿಗೆ ಇಡಿ. ಕೈಲಿರೋದೆಲ್ಲ ಸೋತ್ಬುಡಿ. ಆಮೇಲೆ ಮಾದಪ್ಪನ್ನ ಕರೀರಿ."

ಅವರು ಕಟ್ಟಿನಿಂದ ಒಂದು ಮಡಕೆ ಎತ್ತಿ ಪಕ್ಕಕ್ಕಿಟ್ಟು ನೋಡಿದರು. ನಾನು ಅತ್ತೆಯ ಕಡೆ ತಿರುಗಿದೆ. "ಮಡಕೆ ಮಡಗಬೌದಾ ಅತ್ತೆ, ಮಾದಪ್ಪನ ಮುಂದಕ್ಕ?"

ಅತ್ತೆ ಮೊರ ಎತ್ತಿಕೊಂಡರು. "ಹೆಣದ ಮುಂದ ಓಗೋದು ಅದು. ಮಾದಪ್ಪ ಒಪ್ಪಿದ್ರೆ ಸರಿ, ಒಪ್ಪದೆ ಹೋದ್ರೆ ನನ್ನ ಕೇಳ್ಬೇಡ" ಅಂದರು. ನನ್ನ ಗುರುತಿನ ಮೇಲೆ ಅವರಿಗಿದ್ದ ಕೋಪ ಅಷ್ಟು ದಿನವಾದರೂ ಇಳಿದಿರಲಿಲ್ಲ.

ಸೋಮವಾರ ಬರುವ ತನಕ ನನ್ನ ಗಂಡನ ಬಾಯಿ ಕಾಯುವುದೇ ನನಗೆ ಕೆಲಸವಾಯಿತು. ಡ್ರೈವರಿಗೆ ಹೇಳಿಬಿಟ್ಟರೆ? ಬಸ್ಸಿನ ತುಂಬ ಸಾರಿಬಿಟ್ಟರೆ? ಆಟಕ್ಕೆ ಹೊರಡುವಾಗ ಬಾಗಿಲಲ್ಲಿ ಹಿಡಿದು ನಿಲ್ಲಿಸಿ, "ನಗಬೇಡಿ, ಕಣ್ಣು ಹೊಡೀಬೇಡಿ, ಬಾಯಿ ಮುಚ್ಕೊಂಡು ಸೋಲಿ. ನಿಮಗೆ ಬರೋದು ಅದೊಂದೇ, ಅದ್ನಾದ್ರೂ ಸರಿಯಾಗಿ ಮಾಡಿ" ಅಂದೆ.

ಮಧ್ಯಾಹ್ನದ ಹೊತ್ತು. ಟೀ ಅಂಗಡಿಯ ಮುಂದೆ ಜನ ಸೇರಿದ್ದರು. ನಾನು ನನ್ನ ಮಳಿಗೆಯ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದೆ. ಏನನ್ನು ಕತ್ತರಿಸಲು ತೆಗೆದುಕೊಂಡಿದ್ದೆನೋ ಈಗ ನೆನಪಿಲ್ಲ. ಹೊಲದಿಂದ ಸೊಪ್ಪಿನ ಕಂತೆ ಹೊತ್ತು ಬಂದ ಅತ್ತೆಯೂ ಅದನ್ನು ಕೆಳಗಿಟ್ಟು ಜನರ ನಡುವೆ ನಿಂತರು. ಇಬ್ಬರೂ ಒಂದೊಂದು ಕಾರ್ಡನ್ನು ಮುಡಿಪಿಗೆ ಇಟ್ಟರು. ಮರಿಮಲ್ಲಪ್ಪ ಅದನ್ನು ನೋಡುವ ಗೋಜಿಗೂ ಹೋಗದೆ ಕಟ್ಟಿನ ಅಡಿಯಿಂದ ಒಂದನ್ನು ಎಳೆದು ಪಕ್ಕಕ್ಕೆ ಎಸೆದ.

ಆಮೇಲೆ ಕೊಡಲಿಗಳು ಬಿದ್ದವು. ಛತ್ರಿ ಹೋಯಿತು, ದೀಪಗಳು ಹೋದವು, ಕೈಯಲ್ಲಿದ್ದ ಮಡಕೆಗಳೂ ಹೋದವು. "ಶಾಂತಿ ಒಡ್ದೋದ್ಲು! ಇನ್ನೊಂದು ಶಾಂತಿ ಒಡ್ದೋದ್ಲು!" ಎಂದು ಜನ ಕೂಗಿದಾಗಲೆಲ್ಲ, ಉಪಾಯ ಗೊತ್ತಿದ್ದೂ ನಾನು ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದೆ. ನನ್ನ ಗಂಡ ಮಾತ್ರ ಮುಖ ಊದಿಸಿಕೊಂಡು ಒಂದೊಂದೇ ಕಾರ್ಡು ಕಳೆದುಕೊಂಡರು. ಜನ್ಮದಲ್ಲಿ ಮೊದಲ ಸಲ ನಾನು ಹೇಳಿದಷ್ಟನ್ನೇ ಮಾಡಿದ್ದರು.

ಕೈ ಖಾಲಿಯಾಯಿತು. ಮರಿಮಲ್ಲಪ್ಪ ತೊಡೆ ತಟ್ಟಿ ಎದ್ದ. "ತಕ್ಕಬಾ ಓಗು, ಮನೇಲಿರೋ ಮಡಕೆ ಅಷ್ಟೂ" ಅಂದ.

"ಉಘೇ ಮಾದಪ್ಪ!" ಎಂದು ಕೂಗಿದರು ನನ್ನ ಗಂಡ. ಬಸ್ಸಿಗೆ ಊದುವ ಸೀಟಿಗಿಂತ ಜೋರಾಗಿತ್ತು ಅದು.

ಇವರು ಮುಡಿಪನ್ನು ತಿರುಗಿಸಿದರು. ಮಡಕೆ. ಮರಿಮಲ್ಲಪ್ಪ ಅದನ್ನು ನೋಡಿದ. ತನ್ನ ಮುಡಿಪಿನ ಮೇಲೆ ಕೈ ಇಟ್ಟವನು ತಿರುಗಿಸಲಿಲ್ಲ. ಹಿಂದೆ ನಿಂತಿದ್ದವನೊಬ್ಬ ಬಗ್ಗಿ ತಿರುಗಿಸಿಬಿಟ್ಟ.

ಅದೂ ಮಡಕೆ!

ಒಂದು ವರ್ಷದಿಂದ ಅವನ ಕಣ್ಣಿಗೆ ನನ್ನ ಮಡಕೆಗಿಂತ ಕೀಳಾದ ಕಾರ್ಡು ಬೇರೆ ಇರಲಿಲ್ಲ. ಗೆದ್ದು ತಂದದ್ದರಲ್ಲಿ ಸರಕ್ಕೆ ಕೆಲವು ಪೋಣಿಸಿ, ಮುಡಿಪಿಗೆಂದು ಒಂದನ್ನು ಕಟ್ಟಿನ ಅಡಿಯಲ್ಲೇ ಇಟ್ಟುಕೊಂಡಿದ್ದ. ಪ್ರತಿ ಆಟಕ್ಕೂ ಮಾದಪ್ಪನ ಪಾಲಿಗೆ ಅದನ್ನೇ ತಳ್ಳುತ್ತಿದ್ದ. ಯಾರೂ ಕೂಗದೆ ಇದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಗದ್ದಲವೆದ್ದಿತು. "ಸಮ ಆಯ್ತು, ಕೈಲಿ ಕಾರ್ಡಿರೋದು ನನ್ನತ್ರ, ಆಟ ನಂದೇ" ಎಂದು ಮರಿಮಲ್ಲಪ್ಪ. "ಅದೆಂಗಾದದು?" ಎಂದು ನನ್ನ ಗಂಡ. ಸಮವಾದರೆ ಏನೆಂದು ನಾನು ಯೋಚಿಸಿಯೇ ಇರಲಿಲ್ಲ. ಮೇಲೆ ತೋರಣ ಕಂಡೇಬಿಟ್ಟಿತು. ಅಷ್ಟರಲ್ಲಿ ಯಾರೋ, "ಮುಡಿಪಿನ ಕಾನೂನು ಮಾಡಿದ್ದು ಪುಟ್ಟಮಾದಮ್ಮ, ಆಯಮ್ಮನ್ನೇ ಕೇಳಿ" ಅಂದರು.

ಮುಗಿಯಿತು ನನ್ನ ಕತೆ ಅಂದುಕೊಂಡೆ. ಕೊಡಲಿಗೆ ಓಟು ಒತ್ತಿ ಬಂದ ಅತ್ತೆ ಏನು ಹೇಳಿಯಾರು!

ಅತ್ತೆ ಮುಂದೆ ಬಂದು ಎರಡೂ ಕಾರ್ಡುಗಳನ್ನು ನೋಡಿದರು. ಅವರಿಗೆ ಓದಲು ಬಾರದು. "ಮರಿಮಲ್ಲಪ್ಪೋರೆ, ಇದ್ರ ಕೆಳಗ ಏನೋ ಬರ್ದದಲ್ಲ, ಅದ ಓದಪ್ಪ" ಅಂದರು.

"ಅದೇನಿಲ್ಲ ಬುಡವ್ವ…"

"ಓದಪ್ಪ ಅಂದೆ."

ಅವನು ಗಂಟಲು ಸರಿಮಾಡಿಕೊಂಡ. "ಶಾಂತಿ ರಂಗರಾಜು."

"ಇನ್ನೊಂದ್ರಲ್ಲಿ? ನೀನು ಮಡಗಿರೋದ್ರಲ್ಲಿ?"

"ಶಾಂತಿ ರಂಗರಾಜು" ಅಂದ. ಈ ಸಲ ಕೇಳಿಸಿದ್ದು ಹತ್ತಿರ ನಿಂತವರಿಗಷ್ಟೇ.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ನನ್ನ ಮಗನೂ ನನ್ನ ಸೊಸೆ ಹೆಸ್ರನ್ನೇ ಮಾದಪ್ಪಂಗ ಮಡಗವ್ನೆ, ನೀನೂ ಅವಳ ಹೆಸ್ರನ್ನೇ ಮಡಗಿದ್ದೀಯ. ಮಾದಪ್ಪ ಎರಡು ಕೈಯಿಂದ್ಲೂ ಅವಳನ್ನೇ ಈಸ್ಕೊಂಡವ್ನೆ. ಇನ್ನು ನೀವಿಬ್ರೂ ಯಾವೂರ ದಾಸಯ್ಯಗಳಪ್ಪ ಗೆಲ್ಲಕ್ಕ? ಗೆದ್ದೋಳು ಅವಳು. ಮಾದಪ್ಪಂಗ ಮಡಗಿದ್ದ ಹೆಸ್ರಿಗೆ ಮೊಳೆ ಹೊಡೆದು ನೇತಾಕಿದ್ದೀಯಲ್ಲ, ಇಳ್ಸು ಅದ."

ಮರಿಮಲ್ಲಪ್ಪ ಕೂತಲ್ಲಿಂದ ಏಳಲಿಲ್ಲ. ಒಳಗಿನಿಂದ ಗುರುಮಲ್ಲಮ್ಮ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಗಂಡನ ಕಡೆ ನೋಡದೆ, ಕಂಬದ ಮೊಳೆಯಿಂದ ಸರ ಬಿಚ್ಚಿದಳು. ರಸ್ತೆ ದಾಟಿ ನನ್ನ ಹತ್ತಿರ ಬಂದಳು.

"ತಕ್ಕ ಶಾಂತಿ. ನಾನೇ ಯಾವಾಗ್ಲೋ ಇಳಿಸ್ಬೇಕಿತ್ತು" ಅಂದಳು. ಆಮೇಲೆ, "ನಮ್ಮ ಬೀದಿ ಬೋರು ಕೆಟ್ಟು ತಿಂಗಳಾಯ್ತು. ಅರ್ಜಿ ಬರಕೊಟ್ಟೀಯಾ? ನಾನೇ ತಕ್ಕೊಂಡೋಗಿ ಕೊಡ್ತೀನಿ" ಎಂದು ಕೇಳಿದಳು. ಬರೆದುಕೊಡುತ್ತೇನೆ ಅಂದೆ.

ಅತ್ತೆ ಸೊಪ್ಪಿನ ಕಂತೆ ಮತ್ತೆ ಹೊತ್ತುಕೊಂಡು ನನ್ನ ಮಳಿಗೆಯ ಮುಂದೆ ಹಾದರು. ನಿಲ್ಲಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಮುಂದಿನ ಸಲಾನೂ ಮಡಕೆನೇ ಕೇಳಿ ಈಸ್ಕ ಕಣಮ್ಮಿ. ನಾನೂ ಅದ್ಕೇ ಒತ್ತೀನಿ" ಎಂದು ನಡೆದುಕೊಂಡೇ ಹೇಳಿ ಹೋದರು.

ನಾನು ಸರ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಷ್ಟರಲ್ಲಿ ನನ್ನ ಗಂಡ ಓಡಿ ಬಂದರು. ಮೈಯೆಲ್ಲ ಬೆವರು, ಮುಖವೆಲ್ಲ ಹಲ್ಲು. "ಮಷೀನು ತಿರುಗ್ಸಿ, ಬೆಳಕಿಗೆ ಮುಖ ಮಾಡಿ ಇಡಿ" ಎಂದಷ್ಟೇ ಹೇಳಿದೆ. ಈ ಮನುಷ್ಯ ಅದನ್ನು ತಿರುಗಿಸಿ ಬಿಟ್ಟರೇ? ಗೋಡೆಯಿಂದ ಕರಕರ ಎಳೆದು, ಹೊಸಿಲು ದಾಟಿಸಿ, ಬಸ್ಸು ನಿಲ್ಲುವ ಜಾಗಕ್ಕೇ ತಂದು ಇಟ್ಟರು. ನಾನು ಬೈಯಲಿಲ್ಲ. ಸ್ಟೂಲು ತಂದುಕೊಂಡು ಅಲ್ಲೇ ಕೂತು ಹೊಲಿಯತೊಡಗಿದೆ.